ವೆರ್ಬಾದ ಹನ್ನೆರಡನೆಯ ಸಂತ್ರಸ್ತೆ

ಸ್ವಲ್ಪ ಹತ್ತಿರ ಬನ್ನಿ, ಬರುವಾಗ ಆ ಬಾಗಿಲನ್ನೂ ಎಳೆದುಕೊಂಡು ಬನ್ನಿ. ಈಗ ಹೇಳುವುದು ನಿಮ್ಮ ಕಿವಿಗೆ ಮಾತ್ರ. ಊರಿನಲ್ಲಿ ಎಲ್ಲರಿಗೂ ಗೊತ್ತು, ಅದು ನಿಜ. ಆದರೆ ಎಲ್ಲರಿಗೂ ಗೊತ್ತಿದೆ ಅನ್ನುವುದು ಟೆಕ್ಲಾ ವೊಯ್ಟೊವಿಚ್‌ಗೆ ಗೊತ್ತಿಲ್ಲ. ಗೊತ್ತಾದರೆ ಹೇಳಿದವರ ಮನೆಗೆ ಈಸ್ಟರ್ ಹಬ್ಬಕ್ಕೆ ಅವಳ ಕೈಯ ಸಾಸೇಜ್ ಬರುವುದು ನಿಲ್ಲುತ್ತದೆ, ಕೇಳಿದವರ ಮನೆಗೂ ನಿಲ್ಲುತ್ತದೆ.

ಸಂಗತಿ ಏನೆಂದರೆ, ಕಳೆದ ಬೇಸಿಗೆಯವರೆಗೆ ಬೆರಳೆಣಿಕೆಯ ಮನೆಗಳ ಈ ವೆರ್ಬಾದಲ್ಲಿ ವಿದೇಶಿ ಜೂಜಿಗೆ ಬಲಿಯಾದವರು ಒಬ್ಬರೂ ಇರಲಿಲ್ಲ. ಪ್ರಾಂತೀಯ ಅದೃಷ್ಟ ಮಂಡಳಿಯು ಇದನ್ನು ಗಂಭೀರವಾದ ಕೊರತೆ ಎಂದು ಪರಿಗಣಿಸಿತು.

ಊರಿನವರಿಗೆ ಇದೊಂದು ಕೊರತೆಯೆಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವರಿಗೆ ಗೊತ್ತಿದ್ದ ಕೊರತೆ ಬೇರೆ. ಐಸಿನ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಶೆಡ್ಡಿನಲ್ಲಿ ಐಸ್ ಕಟ್ಟಿಸುವ ಯಂತ್ರ ಮಾರ್ಚ್ ತಿಂಗಳಲ್ಲಿ ಒಂದು ಸಲ ಕೆಮ್ಮಿ ಪ್ರಾಣ ಬಿಟ್ಟಿತ್ತು. ಆ ಐಸ್ ನೋಡಿಕೊಳ್ಳುತ್ತಿದ್ದವನು ಟೆಕ್ಲಾಳ ಗಂಡ ಮೆಟ್ರೋ. ಮದುವೆಯಾದ ಚಳಿಗಾಲದಿಂದ ಅವನ ಕೆಲಸ ಅದೇ: ಬೆನ್ನಿಗೆ ನೀರಿನ ಡಬ್ಬ ಕಟ್ಟಿಕೊಂಡು, ಹಿಂದುಹಿಂದಕ್ಕೆ ನಡೆಯುತ್ತ, ಕಲ್ಲು ಸರಿಯಾಗಿ ಜಾರಲೆಂದು ಐಸಿನ ಮೇಲೆ ಹನಿ ಚಿಮುಕಿಸುವುದು. ಯಂತ್ರ ಸತ್ತ ಮೇಲೂ ಅವನು ಬೆಳಗ್ಗೆ ಎದ್ದು ಬೂಟು ಹಾಕಿಕೊಂಡು, ಉಣ್ಣೆ ಟೋಪಿ ಇಟ್ಟುಕೊಂಡು, ಅಡುಗೆಮನೆಯ ಕಿಟಕಿಯ ಹತ್ತಿರ ಕೂರುತ್ತಿದ್ದ. ಜೂನ್ ತಿಂಗಳಲ್ಲಿ!

"ಎಲ್ಲಿಗೆ ಹೊರಟೆ?" ಅಂತ ಟೆಕ್ಲಾ ಕೇಳುತ್ತಿದ್ದಳು.

"ಎಲ್ಲೂ ಇಲ್ಲ."

"ಮತ್ತೆ ಬೂಟು ಯಾಕೆ?"

"ಕಾಲಿಗೆ."

ಅಷ್ಟೇ. ಇಡೀ ದಿನಕ್ಕೆ ಅವನ ಮಾತು ಅಷ್ಟೇ. ಊಟವೂ ಕಡಿಮೆಯಾಯಿತು. ಬೀಟ್‌ರೂಟಿನ ಬೋರ್ಶ್ಟ್ ಸಾರು ಬಟ್ಟಲಲ್ಲೇ ಆರಿ ಕೆನೆಗಟ್ಟುತ್ತಿತ್ತು. ಟೆಕ್ಲಾ ರಾತ್ರಿ ಎದ್ದು ಅವನು ಉಸಿರಾಡುತ್ತಿದ್ದಾನೋ ಇಲ್ಲವೋ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳಂತೆ. ಮುಂದಿನ ಚಳಿಗಾಲಕ್ಕೆ ಐಸ್ ಇಲ್ಲದಿದ್ದರೆ ಮೆಟ್ರೋನೂ ಇರುವುದಿಲ್ಲ ಅಂತ ಅವಳು ತೀರ್ಮಾನಿಸಿಬಿಟ್ಟಿದ್ದಳು.

ಹೊಸ ಯಂತ್ರ ಕೊಡಿಸಬಲ್ಲವರು ಪ್ರಾಂತದಲ್ಲಿ ಒಬ್ಬರೇ, ಅದೃಷ್ಟ ಮಂಡಳಿಯವರು. ಶಾಲೆಯ ಜಾರುಬಂಡೆಯಿಂದ ಹಿಡಿದು ಆಸ್ಪತ್ರೆಯ ಗಾಲಿಕುರ್ಚಿಯವರೆಗೆ ಎಲ್ಲವೂ ಅವರ ಜೂಜಿನ ದುಡ್ಡಿನಲ್ಲೇ ಬರುವುದು. ಟೆಕ್ಲಾ ಅರ್ಜಿ ಹಾಕಿದಳು. ಉತ್ತರವಾಗಿ ಒಂದು ಪ್ರಕಟಣೆ ಬಂತು:

"ಪ್ರಾಂತದ ನಾಗರಿಕರು ದೂರದ ದ್ವೀಪಗಳಲ್ಲಿ ನೋಂದಾಯಿತವಾದ ಅನಧಿಕೃತ ತಾಣಗಳಲ್ಲಿ ಸೋಲುತ್ತಿರುವುದು ಮಂಡಳಿಯ ಗಮನಕ್ಕೆ ಬಂದಿದೆ. ಸದರಿ ಸೋಲಿನಿಂದ ಪ್ರಾಂತಕ್ಕೆ ಯಾವುದೇ ಪ್ರಯೋಜನವಿರುವುದಿಲ್ಲ. ಆದ್ದರಿಂದ ನಾಗರಿಕರು ಮಂಡಳಿಯ ಸ್ವಂತ ತಾಣವಾದ 'ಮನೆಯಾಟ'ದಲ್ಲಿಯೇ ಸೋಲತಕ್ಕದ್ದು. ವಿದೇಶಿ ತಾಣದಿಂದ ಹನ್ನೆರಡು ಮಂದಿ ಸಂತ್ರಸ್ತರನ್ನು ಮರಳಿ ಕರೆತಂದ ಊರಿಗೆ ಒಂದು ಸಮುದಾಯ ಸೌಲಭ್ಯವನ್ನು ಮಂಜೂರು ಮಾಡಲಾಗುವುದು. ಒಂದು ಮನೆಗೆ ಒಬ್ಬರೇ ಸಂತ್ರಸ್ತರು. ಮಿತವಾಗಿ ಆಡಿರಿ, ತಪ್ಪದೆ ಆಡಿರಿ."

ಪ್ರಕಟಣೆಯ ಹಿಂದೆಯೇ ಮಂಡಳಿಯ ಅಧಿಕಾರಿ ಬಂದ. ಬ್ರೆಂಟ್ ಆಲ್ಡರ್ಸನ್ ಅಂತ ಹೆಸರು, ಮೀಸೆ ಇನ್ನೂ ಬರಲೋ ಬೇಡವೋ ಅಂತ ಯೋಚಿಸುತ್ತಿದ್ದ ಮುಖ. ಗುರುವಾರ, ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಉದ್ದ ಮೇಜಿನ ಸುತ್ತ ನಿಂತು ಪೆರೋಗಿಗೆ ಆಲೂಗಡ್ಡೆ ತುಂಬಿ ಅಂಚು ಒತ್ತುತ್ತಿದ್ದ ಹೊತ್ತು.

"ಮೇಡಂ, ನಿಮ್ಮೂರಲ್ಲಿ ವಿದೇಶಿ ತಾಣದಲ್ಲಿ ಆಡೋರು ಎಷ್ಟು ಜನ ಇದ್ದಾರೆ?"

"ಮೇಡಂ ಅನ್ನಬೇಡಪ್ಪಾ," ಅಂದಳು ಟೆಕ್ಲಾ. "ಮೇಡಂ ಅಂದವರೆಲ್ಲ ಏನೋ ಮಾರೋಕೆ ಬಂದಿರ್ತಾರೆ. ಯಾರೂ ಇಲ್ಲ. ಶುಕ್ರವಾರ ಮಾಂಸದ ಲಾಟರಿ ಆಡ್ತೀವಿ, ಅಷ್ಟೇ. ಚೀಟಿ ಬಂದವರಿಗೆ ಒಂದು ಹ್ಯಾಮ್."

ಬ್ರೆಂಟ್ ಎರಡೂ ಕಿವಿ ಮುಚ್ಚಿಕೊಂಡ. "ಅದು ಧರ್ಮಕಾರ್ಯ, ನಾನು ಕೇಳಿಸ್ಕೊಳ್ಳಲಿಲ್ಲ. ಯಾರೂ ಇಲ್ಲ ಅಂದ್ರೆ ನಾನು ಯಾರನ್ನ ಕಾಪಾಡಲಿ?"

"ಕಾಪಾಡೋ ಅಗತ್ಯ ಇಲ್ಲದವರನ್ನ ಕಾಪಾಡಿದ್ರೆ ಇನ್ನೂ ಸುಲಭ ಅಲ್ವೇನಪ್ಪಾ?" ಅಂದಳು ಮೇಜಿನ ಆ ತುದಿಯಿಂದ ಸ್ಟೆಫ್ಕಾ. ನಾಲಿಗೆ ಸ್ವಲ್ಪ ಉದ್ದ ಅವಳದು. ಆದರೆ ಬ್ರೆಂಟ್ ನಗಲಿಲ್ಲ, ಬರೆದುಕೊಂಡ.

ಮುಂದಿನ ಗುರುವಾರ ಅದೇ ನೆಲಮಾಳಿಗೆಯಲ್ಲಿ ಮಂಡಳಿಯ ಜಾಗೃತಿ ಶಿಬಿರ ನಡೆಯಿತು. ವಿಷಯ: 'ಹೀಗೆ ಮಾಡಬಾರದು'. ವಿದೇಶಿ ತಾಣದಲ್ಲಿ ಆಡುವುದನ್ನು ಕಲಿಸಲು ನಿಯಮ ಒಪ್ಪುವುದಿಲ್ಲ. ಆಡಬಾರದ ಕ್ರಮವನ್ನು ಸವಿವರವಾಗಿ ತೋರಿಸಲು ಅಡ್ಡಿಯಿಲ್ಲ. ಮಡಚುವ ಹಳೇ ಫೋನ್ ಇಟ್ಟುಕೊಂಡಿದ್ದವರಿಗೆ ಮಂಡಳಿಯೇ ದೊಡ್ಡ ಪರದೆಯ ಹೊಸ ಫೋನು ಹಂಚಿತು.

"ಎಲ್ಲರೂ ನೋಡಿ, 'ಬಂಗಾರದ ಗಿಳಿ' ಅನ್ನೋ ಈ ಚಿತ್ರವನ್ನ ಯಾವತ್ತೂ ಒತ್ತಬಾರದು," ಅಂದ ಬ್ರೆಂಟ್.

ಎಲ್ಲರೂ ಒತ್ತಿದರು. ಒತ್ತಿದ ಕಡೆಯೆಲ್ಲ ಹಿಟ್ಟಿನ ಬೆರಳು ಮೂಡಿತು.

"ಒತ್ತಿದ ಮೇಲೆ ಇಲ್ಲಿ ಬ್ಯಾಂಕ್ ಕಾರ್ಡಿನ ನಂಬರ್ ಹಾಕಲೇಬಾರದು. ಯಾರಾದ್ರೂ ಹಿಂದೆ ಉಳಿದಿದೀರಾ? ನಿಧಾನಕ್ಕೆ ಹೇಳ್ತೀನಿ."

ಗಿಳಿಯ ತಾಣ ಬಲು ಮರ್ಯಾದೆಯದು. ತೆರೆದ ಕೂಡಲೇ ಗಿಳಿ ರೆಕ್ಕೆ ಬಡಿದು "ಬಾ ಟೆಕ್ಲಾ, ನಿನ್ನನ್ನೇ ಕಾಯ್ತಿದ್ದೆ" ಅನ್ನುತ್ತದೆ. ಮೆಟ್ರೋ ಅವಳಿಗೆ ಹಾಗೆ ಅಂದು ಎಷ್ಟೋ ಕಾಲವಾಗಿತ್ತು. ಮಂಡಳಿಯ 'ಮನೆಯಾಟ' ಹಾಗಲ್ಲ. ಒಳಗೆ ಸೇರಿಸಿಕೊಳ್ಳುವ ಮೊದಲು ನೀವು ಬದುಕಿದ್ದೀರಿ ಅನ್ನುವುದಕ್ಕೆ ಎರಡು ದಾಖಲೆ ಕೇಳುತ್ತದೆ, ಆಮೇಲೆ ಯೋಚಿಸಿ ಹೇಳುತ್ತೇನೆ ಅನ್ನುತ್ತದೆ.

ಊರಿನಲ್ಲಿ ಕಾಸಿದ್ದವರು ಚಳಿಗೆ ಹೆದರಿ ಬಿಸಿಲಿನ ಅರಿಜೋನಾಕ್ಕೆ ಹೋಗುತ್ತಾರೆ. ಈ ಹೆಂಗಸರು ಆ ವರ್ಷ ಬೇಸಿಗೆಯಲ್ಲೇ, ಕುಳಿತಲ್ಲಿಂದಲೇ, ದ್ವೀಪಕ್ಕೆ ಹೋಗಿಬಂದರು. ಮಂಡಳಿಯ ನಿಯಮದಂತೆ ಶ್ರದ್ಧೆಯಿಂದ ಸೋತರು. ಸೋತವರನ್ನು ಬ್ರೆಂಟ್ ಒಬ್ಬೊಬ್ಬರನ್ನಾಗಿ ಕಾಪಾಡಿ, ಹೆಗಲಿಗೆ ಹಸಿರು ಶಾಲು ಹೊದಿಸಿ, ಫೋಟೋ ತೆಗೆದು, 'ಮನೆಯಾಟ'ಕ್ಕೆ ಸೇರಿಸಿದ. ಗೋಡೆಗೆ ಒಂದು ಭಿತ್ತಿಪತ್ರವನ್ನೂ ಅಂಟಿಸಿದ: "ನಮ್ಮ ಸೋಲು ನಮ್ಮ ಪ್ರಾಂತದಲ್ಲೇ ಉಳಿಯಲಿ."

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಸ್ಟೆಫ್ಕಾ ಗೆಲ್ಲುವವರೆಗೆ.

ಅವಳು ಒತ್ತಿದ್ದು ಒಂದೇ ಸಲ. ಪರದೆಯ ಮೇಲೆ ಮೂರು ಗಿಳಿ ಸಾಲಾಗಿ ಕೂತವು, ಗಂಟೆ ಮೊಳಗಿತು, ಅವಳು ಫೋನನ್ನು ಕವುಚಿಟ್ಟು ಕೈಕಟ್ಟಿ ಕೂತಳು.

"ಇನ್ನೂ ಆಡಿ," ಅಂದ ಬ್ರೆಂಟ್. "ಗೆದ್ದವರು ಸಂತ್ರಸ್ತರಲ್ಲ. ನಿಮ್ಮನ್ನ ಯಾವುದರಿಂದ ಕಾಪಾಡಿದೆ ಅಂತ ನಾನು ಬರೀಲಿ?"

"ಏನಪ್ಪಾ ನೀನು! ಹ್ಯಾಮ್ ಗೆದ್ದವಳು ಅದೇ ಸಂಜೆ ಇನ್ನೊಂದು ಚೀಟಿ ಕೊಳ್ತಾಳೇನು? ನಾಚಿಕೆ ಬೇಡವೇ?"

"ಸಂಜೆ ಮುಗೀತಲ್ಲ, ನಾಳೆ ಆಡಿ."

"ಗಿಳಿ ಇನ್ನೂ ಅಂಗಡಿ ಮುಚ್ಚಿಲ್ಲವಲ್ಲ. ಅದು ಮುಚ್ಚೋವರೆಗೂ ಅದೇ ಸಂಜೆ."

ವೆರ್ಬಾದಲ್ಲಿ ಈ ಮಾತಿಗೆ ಎದುರು ಹೇಳುವವರಿಲ್ಲ. ಶುಕ್ರವಾರ ಗೆದ್ದವರು ಆ ಸಂಜೆ ಮತ್ತೆ ಚೀಟಿ ಮುಟ್ಟುವುದಿಲ್ಲ. ಹಿಂದೊಮ್ಮೆ ಒಬ್ಬಳು ಮುಟ್ಟಿದ್ದಳು. ಅವಳ ಮೊಮ್ಮಕ್ಕಳನ್ನು ಈಗಲೂ 'ಎರಡು ಹ್ಯಾಮಿನವರು' ಅನ್ನುತ್ತಾರೆ. ಸ್ಟೆಫ್ಕಾ ಗೆದ್ದ ದುಡ್ಡಿಗೆಲ್ಲ ಸಾಸೇಜ್ ತಂದು ಹಂಚಿದಳು. ಬ್ರೆಂಟನಿಗೂ ಒಂದು ಕಟ್ಟು ಕೊಟ್ಟಳು. ಅವನು ಅದನ್ನು ತಿಂದು, ಅವಳ ಹೆಸರಿನ ಮುಂದೆ 'ಅನರ್ಹ' ಅಂತ ಬರೆದ.

ಹೀಗೆ ಸಂತ್ರಸ್ತರ ಲೆಕ್ಕ ಹನ್ನೊಂದಕ್ಕೆ ನಿಂತಿತು. ಮಂಡಳಿಯ ಸಭೆ ಹತ್ತಿರ ಬಂತು. ಪಾಪ್ಲರ್ ಎಲೆ ಹಳದಿಯಾಯಿತು. ಮೆಟ್ರೋ ಕಿಟಕಿಯಿಂದ ಏಳುವುದನ್ನೇ ಬಿಟ್ಟ. ಒಂದು ಮನೆಗೆ ಒಬ್ಬರೇ ಅನ್ನುವ ನಿಯಮದಿಂದ ಗಂಡಸರು ಲೆಕ್ಕಕ್ಕಿಲ್ಲ, ಸ್ಟೆಫ್ಕಾಳ ಮನೆಯಲ್ಲಿ ಅವಳ ಹೊರತು ಇನ್ನೊಬ್ಬರಿಲ್ಲ. ಉಳಿದ ಮನೆ ಒಂದೇ, ಟೆಕ್ಲಾಳ ಪಕ್ಕದ ಮನೆ. ಡೋಕಿಯಾಳದು.

ಇದನ್ನು ಹೇಳಬಾರದು, ಆದರೂ ಇಷ್ಟು ಹೇಳಿದ ಮೇಲೆ ಬಿಟ್ಟರೆ ಚೆನ್ನಾಗಿರುವುದಿಲ್ಲ. ಡೋಕಿಯಾ ಕೋಸ್ಟ್ಯುಕ್ ಹಿಂದೆ ಹೆದ್ದಾರಿಯ ಹೋಟೆಲಿನಲ್ಲಿ ಮಂಡಳಿಯವರೇ ಇಟ್ಟಿದ್ದ ಜೂಜಿನ ಯಂತ್ರದ ಮುಂದೆ ಕೂರುತ್ತಿದ್ದಳು. ಕೂತವಳು ಏಳುತ್ತಿರಲಿಲ್ಲ. ಮೊದಲು ಟ್ರಕ್ಕು ಹೋಯಿತು, ಆಮೇಲೆ ಅವಳ ತಾಯಿ ವಲಸೆ ಬರುವಾಗ ಹಳೆಯ ದೇಶದಿಂದ ತಂದಿದ್ದ ಹವಳದ ಸರ, ಕೊನೆಗೆ ಸತ್ತ ಗಂಡ ನುಡಿಸುತ್ತಿದ್ದ ಅಕಾರ್ಡಿಯನ್. ಅಕಾರ್ಡಿಯನ್ ಹೋದ ದಿನ ಅವಳೇ ಮಂಡಳಿಗೆ ಹೋಗಿ, ತನ್ನನ್ನು ಯಾವ ಯಂತ್ರಕ್ಕೂ ಯಾವ ತಾಣಕ್ಕೂ ಸಾಯುವವರೆಗೆ ಸೇರಿಸಬೇಡಿ ಅಂತ ಬರೆದುಕೊಟ್ಟು ಬಂದಳು. ಅಂದಿನಿಂದ ಮಾಂಸದ ಲಾಟರಿಯ ಚೀಟಿಯನ್ನೂ ಮುಟ್ಟಿದವಳಲ್ಲ. ಶುಕ್ರವಾರ ಚೀಟಿ ಎತ್ತುವಾಗ ಅಡುಗೆಮನೆಯಲ್ಲಿ ಈ ಕಡೆಗೆ ಬೆನ್ನು ಹಾಕಿ ಪೆರೋಗಿ ಬೇಯಿಸುತ್ತಾಳೆ. ಶಿಬಿರದ ದಿನವೂ ಹಾಗೇ ನಿಂತಿದ್ದಳು.

ಟೆಕ್ಲಾ ಬ್ರೆಂಟನಿಗೆ ಇದನ್ನೆಲ್ಲ ಹೇಳಿದಳು. "ಅವಳು ಬರೆದುಕೊಟ್ಟಿದಾಳಲ್ಲ, ಸೇರಿಸ್ಕೊಳ್ಳೋಕೆ ಆಗುತ್ತೇನಪ್ಪಾ?"

ಬ್ರೆಂಟ್ ಪುಸ್ತಕ ತಿರುವಿ ನಿಯಮ ಓದಿದ: "ಸ್ವಯಂ ನಿಷೇಧ ಪಡೆದ ವ್ಯಕ್ತಿಯು ವಿದೇಶಿ ತಾಣದಲ್ಲಿ ಆಡಿದ್ದು ಕಂಡುಬಂದಲ್ಲಿ, ಸದರಿ ನಿಷೇಧವು ಆತನನ್ನು ಅಥವಾ ಆಕೆಯನ್ನು ರಕ್ಷಿಸಲು ವಿಫಲವಾಗಿದೆ ಎಂದು ಭಾವಿಸತಕ್ಕದ್ದು, ಮತ್ತು ವ್ಯಕ್ತಿಯ ಸುರಕ್ಷತೆಯ ದೃಷ್ಟಿಯಿಂದ ನಿಷೇಧವನ್ನು ಕೂಡಲೇ ತೆರವುಗೊಳಿಸತಕ್ಕದ್ದು."

"ಅಂದ್ರೆ?"

"ಅಲ್ಲಿ ಒಂದೇ ಒಂದು ಸಲ ಸೋತರೆ ಸಾಕು. ಇಲ್ಲಿ ಬಾಗಿಲು ತಾನಾಗೇ ತೆರೆಯುತ್ತೆ."

ಟೆಕ್ಲಾ ಸಬ್ಬಸಿಗೆ ಹಾಕಿದ ಸೌತೆಕಾಯಿ ಉಪ್ಪಿನಕಾಯಿಯ ಒಂದು ದೊಡ್ಡ ಜಾಡಿ ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು. ಜೇಬಿನಲ್ಲಿ ಮಂಡಳಿಯ ಫೋನು.

ಡೋಕಿಯಾ ಜಾಡಿ ನೋಡಿದಳು, ಜೇಬು ನೋಡಿದಳು. "ಬೇಡ ಕಣೇ ಟೆಕ್ಲಾ."

"ನಾನಿನ್ನೂ ಬಾಯೇ ತೆಗೆದಿಲ್ಲ."

"ತೆಗೀಬೇಡ."

"ಒಂದೇ ಸಲ ಡೋಕಿಯಾ. ಒಂದೇ ಒಂದು ಸಲ."

"ಆ ಮಾತು ನಂಗೆ ಹೇಳ್ತೀಯಾ? ಆ ಮಾತನ್ನ ಹುಟ್ಟಿಸಿದವಳೇ ನಾನು ಕಣೇ."

ಟೆಕ್ಲಾ ಡೋಕಿಯಾಳ ಅಡುಗೆಮನೆಯ ಕಿಟಕಿಯ ಪರದೆ ಸರಿಸಿದಳು, ಅಷ್ಟೇ. ಎದುರು ಕಿಟಕಿಯಲ್ಲಿ ಮೆಟ್ರೋ ಕಾಣುತ್ತಿದ್ದ: ಉಣ್ಣೆ ಟೋಪಿ, ಅದರ ಕೆಳಗೆ ಮೊದಲಿದ್ದದ್ದರ ಅರ್ಧ ಮುಖ. ಡೋಕಿಯಾಳ ಗಂಡ ಹೋದಂದಿನಿಂದ ಪ್ರತಿ ಚಳಿಗಾಲವೂ ಅವಳ ಬಾಗಿಲ ಮುಂದಿನ ಹಿಮ ಎತ್ತಿ ಹಾಕುತ್ತಿದ್ದವನು ಅವನೇ. ಒಂದು ಕಾಫಿ ಕುಡಿದವನಲ್ಲ.

ಡೋಕಿಯಾ ನೋಡಿದಳು. ಬಟ್ಟೆಗೆ ಕೈ ಒರೆಸಿಕೊಂಡಳು. ಒರೆಸಿದ್ದನ್ನೇ ಇನ್ನೊಂದು ಸಲ ಒರೆಸಿಕೊಂಡಳು.

"ಎಲ್ಲಿ, ತಾ," ಅಂದಳು.

ಒತ್ತುವುದು ಹೇಗೆಂದು ಅವಳಿಗೆ ಯಾರೂ ತೋರಿಸಬೇಕಾಗಲಿಲ್ಲ. ಗಿಳಿಯ ಹತ್ತಿರ ಸೋತಳು, ಅದೇ ಗಳಿಗೆಯಲ್ಲಿ ಪ್ರಾಂತದ ನಿಷೇಧ ತೆರವಾಯಿತು. ಬೇರೆಯವರನ್ನು ಸೇರಿಸಿಕೊಳ್ಳಲು ದಿನಗಟ್ಟಲೆ ಯೋಚಿಸುತ್ತಿದ್ದ 'ಮನೆಯಾಟ' ಅವಳ ಹೆಸರನ್ನು ಮರೆತೇ ಇರಲಿಲ್ಲ. "ಮರಳಿ ಸ್ವಾಗತ" ಅಂದಿತು. ಬ್ರೆಂಟ್ ಹಸಿರು ಶಾಲು ಹೊದಿಸಿ, ಅವಳಿಗೂ ಮಂಡಳಿಯ ಒಂದು ಫೋನು ಕೊಟ್ಟ. ಮಂಡಳಿ ಯಂತ್ರ ಮಂಜೂರು ಮಾಡಿತು.

ನವೆಂಬರಿನಲ್ಲಿ ಶೆಡ್ಡು ತೆರೆಯಿತು. ಮಂಡಳಿಯ ದೊಡ್ಡವರು ಒಬ್ಬರು ರಾಜಧಾನಿಯಿಂದ ಬಂದು ರಿಬ್ಬನ್ ಕತ್ತರಿಸಿದರು. ವೆರ್ಬಾದ ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಈಗ ಒಬ್ಬ ಜವಾಬ್ದಾರಿಯುತ ಆಟಗಾರ್ತಿ ಇದ್ದಾಳೆಂದೂ, ಇದು ಇಡೀ ಪ್ರಾಂತಕ್ಕೆ ಮಾದರಿಯೆಂದೂ ಹೇಳಿದರು. ಮುಂದಿನ ವರ್ಷ ಶೆಡ್ಡಿನ ಚಾವಣಿಗೆ ಮತ್ತೆ ಹನ್ನೆರಡು ಸಂತ್ರಸ್ತರು ಬೇಕಾಗುವುದರಿಂದ, ಇರುವವರೇ ಬೇಸಿಗೆಯಲ್ಲಿ ಒಮ್ಮೆ ದ್ವೀಪಕ್ಕೆ ಹೋಗಿಬಂದರೆ ಅನುಕೂಲ ಎಂದರು. ಜನ ತಲೆಯಾಡಿಸಿದರು. ಪಾದ್ರಿಯವರು ಕಲ್ಲುಗಳಿಗೆಲ್ಲ ತೀರ್ಥ ಚಿಮುಕಿಸಿದರು. ಆಮೇಲೆ ಫಲಕ ಕೊಟ್ಟರು: 'ವರ್ಷದ ಅತ್ಯುತ್ತಮ ಮರಳಿಬಂದವರು, ಶ್ರೀಮತಿ ಡೋಕಿಯಾ ಕೋಸ್ಟ್ಯುಕ್'. ಹಗಲೂ ರಾತ್ರಿ ಎನ್ನದೆ ಅವರು ತೋರಿದ ನಿಷ್ಠೆ ಉಳಿದ ಹನ್ನೊಂದು ಮಂದಿಯದನ್ನು ಕೂಡಿಸಿದರೂ ಮೀರಿದೆ ಎಂದು ದೊಡ್ಡವರು ಓದಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೋಕಿಯಾ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಬೆಂಚಿನಲ್ಲಿ ಕೂತಳು. ತಲೆ ಎತ್ತಲಿಲ್ಲ. ಅವಳ ಮನೆ ಮಾರಾಟಕ್ಕಿದೆ ಅನ್ನುವ ಹಲಗೆ ಹೋದ ವಾರವೇ ನೆಟ್ಟಾಗಿತ್ತು. ಅದರ ಮಾತು ಯಾರೂ ಎತ್ತಲಿಲ್ಲ, ಸಮಾರಂಭ ನೋಡಿ.

ಆಗ ಮೆಟ್ರೋ ಐಸಿಗಿಳಿದ. ಬೆನ್ನಿಗೆ ಡಬ್ಬ, ಕೈಯಲ್ಲಿ ಕೊಳವೆ, ಹಿಂದುಹಿಂದಕ್ಕೆ ಹೆಜ್ಜೆ. ಕೆನ್ನೆಗೆ ಬಣ್ಣ ಬಂದಿತ್ತು. ತುದಿ ಮುಟ್ಟಿ ತಿರುಗಿ, ಹೆಂಡತಿಯ ಕಡೆ ನೋಡಿ, ಎಲ್ಲರೆದುರೇ ಟೋಪಿ ತೆಗೆದ. ಟೆಕ್ಲಾಳ ಕಣ್ಣಲ್ಲಿ ನೀರು. ಅವಳು ಪಕ್ಕಕ್ಕೆ ಬಾಗಿ ಡೋಕಿಯಾಳ ತೋಳು ಹಿಡಿದು, "ನೋಡೇ, ಡೋಕಿಯಾ, ನೋಡೇ ಆ ಐಸ್ ಹೇಗಿದೆ," ಅಂದಳು.

ಡೋಕಿಯಾ ತಲೆ ಎತ್ತಿದಳು, ಐಸ್ ನೋಡಿದಳು, ಟೆಕ್ಲಾಳ ಮುಖವನ್ನೂ ನೆಟ್ಟಗೆ ನೋಡಿದಳು.

"ತುಂಬಾ ಚೆನ್ನಾಗಿದೆ ಕಣೇ," ಅಂದಳು. "ನಿನ್ನ ಫೋನ್ ಸ್ವಲ್ಪ ಕೊಡು, ನಂದು ಚಾರ್ಜ್ ಮುಗೀತು."