ಹಳೇ ಡ್ರೈವರ್, ಅಪ್ಪನ ಕೆನ್ನೆ

ಮನೆಯ ಸಾಮಾನು ಕೆಡುವುದು ಹೆಚ್ಚಾಗಿ ರಿಪೇರಿಯಿಂದಲೇ. ನನಗೆ ಈ ಜ್ಞಾನೋದಯವಾದದ್ದು ಇಟ್ಟಮಡುವಿನ ನಮ್ಮ ಮನೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ ಮೇಲೆ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹಳೆಯದು. ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ಹೊಸ ಸಿಸ್ಟಮ್ಮಿಗೆ ತಯಾರಿಸುವುದಿಲ್ಲವೆಂದು ಕಂಪನಿ ಕೈತೊಳೆದುಕೊಂಡಿತ್ತು. ನಾನು ಬಿಡುವವನೇ? ಎಲ್ಲಿಂದಲೋ ಹಳೇ ಡ್ರೈವರನ್ನೇ ಇಳಿಸಿ, ಸಿಸ್ಟಮ್ ಬೇಡ ಬೇಡವೆಂದರೂ ಬಲವಂತವಾಗಿ ತುರುಕಿದೆ. ಪರದೆಯೇನೋ ಬಂತು, ಆದರೆ ಎಲ್ಲವೂ ಅಡ್ಡಡ್ಡ ಎಳೆದಂತೆ ಅಗಲ. ಅಕ್ಷರ ಅಗಲವಾದರೆ ಯಾರಪ್ಪನ ಗಂಟು ಹೋಗುತ್ತದೆ ಎಂದು ಕಣ್ಣು ಒಗ್ಗಿಸಿಕೊಂಡೆ, ಆಮೇಲೆ ಮರೆತೂಬಿಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ ಅಪ್ಪ ಹೋದರು. ಶಿವಗಣಾರಾಧನೆಗೆ ದೊಡ್ಡ ಫೋಟೊ ಬೇಕಿತ್ತು. ಅಮ್ಮನದು ಒಂದೇ ಬೇಡಿಕೆ: "ಆಸ್ಪತ್ರೆ ಮುಖ ಬೇಡ ಕಣೋ. ಚೆನ್ನಾಗಿದ್ದಾಗಿನ ಮುಖ ಹಾಕ್ಸು. ದಿನಾ ನೋಡ್ಬೇಕಾದೋಳು ನಾನು." ತಂಗಿಯ ಮದುವೆಯ ಫೋಟೊ ಸಿಕ್ಕಿತು. ತುಂಬಿದ ಕೆನ್ನೆ, ಆದರೆ ಓಡಾಟದ ಬೆವರಿಗೆ ವಿಭೂತಿ ಅಳಿಸಿಹೋಗಿ ಹಣೆ ಬರಿದು. ಬರಿ ಹಣೆಯ ಫೋಟೊ ನಮ್ಮಲ್ಲಿ ಪೂಜೆಗೆ ನಡೆಯುವುದಿಲ್ಲ. ಸ್ಟುಡಿಯೋದವರು ಸತ್ತವರಿಗೆಲ್ಲ ಒಂದೇ ವಿಭೂತಿ ಅಂಟಿಸಿ ಒಂದೇ ಕೋಟು ತೊಡಿಸುತ್ತಾರೆ. ಅಪ್ಪನಿಗೆ ಆ ಗತಿ ಬೇಡವೆಂದು ನಾನೇ ಕಂಪ್ಯೂಟರಿನ ಮುಂದೆ ಕೂತು ಮೂರು ಗೆರೆ ಎಳೆದೆ. ಮುಖ ಯಾಕೋ ತೀರಾ ಅಗಲವೆನಿಸಿತು. ಫೋಟೊ ತೆಗೆದವನನ್ನು ಬೈದುಕೊಂಡು ಎರಡೂ ಕಡೆಯಿಂದ ಒತ್ತಿ ಸರಿಮಾಡಿದೆ.

ಫ್ರೇಮು ಹಾಕಿಸಿಕೊಂಡು ಬಂದು ಬಿಚ್ಚಿದರೆ ಆಸ್ಪತ್ರೆಯ ಅಪ್ಪನೇ: ಒಳಗೆ ಸೇರಿದ ಕೆನ್ನೆ, ಉದ್ದ ಮೂಗು. ಅಗಲವಾಗಿದ್ದದ್ದು ನನ್ನ ಪರದೆ, ಅಪ್ಪ ಅಲ್ಲ. ಅಷ್ಟರಲ್ಲಿ ಜಂಗಮರು ಬಂದಾಗಿತ್ತು, ಅದಕ್ಕೇ ಹಾರ ಹಾಕಿದೆವು. ಅಮ್ಮ ತುಂಬಾ ಹೊತ್ತು ನೋಡಿದಳು. "ಇದನ್ನೆಲ್ಲಿಂದ ಹುಡುಕಿದ್ಯೋ" ಎಂದು ಒಳಗೆ ಹೋದಳು. ಅವತ್ತಿನಷ್ಟು ಸಂಕಟ ನನಗೆ ಅಪ್ಪ ಹೋದ ದಿನವೂ ಆಗಿರಲಿಲ್ಲ.

ಮರುದಿನ ತಂಗಿಯ ಗಂಡ ತನ್ನ ಲ್ಯಾಪ್‌ಟಾಪಿನಲ್ಲಿ ನಾನು ಒತ್ತಿದ್ದನ್ನು ಬಿಡಿಸಿ, ಬೇರೆ ಪ್ರಿಂಟ್ ಹಾಕಿಸಿ ತಂದ. ಅಮ್ಮನ ಗೋಡೆಯ ಮೇಲೆ ಕೆನ್ನೆ ಮರಳಿತು. "ಹೊಸ ಕಾರ್ಡೂ ತಂದಿದೀನಿ ಭಾವ, ಈಗ್ಲೇ ಹಾಕ್ಬಿಡ್ತೀನಿ" ಎಂದ.

ಬೇಡ ಎಂದೆ, ಕಾರಣ ಹೇಳಲಿಲ್ಲ. ಆಸ್ಪತ್ರೆಯಲ್ಲಿ ತೆಗೆದ ಫೋಟೊಗಳನ್ನು ಮನೆಯಲ್ಲಿ ಯಾರೂ ನೋಡುವುದಿಲ್ಲ. ನಾನು ಮಾತ್ರ ಅವನ್ನು ಆ ಹಾಳು ಪರದೆಯಲ್ಲಿ ತೆರೆದುಕೊಂಡು ಕೂರುತ್ತೇನೆ. ಅಲ್ಲಿ ಅಪ್ಪ ಮೈಕೈ ತುಂಬಿಕೊಂಡು ದಿಂಬಿಗೊರಗಿ ಕೂತಿದ್ದಾರೆ. ಪಕ್ಕದಲ್ಲಿ ಗಂಜಿಯ ಲೋಟ ಹಿಡಿದು ನಿಂತ ನಾನು ಅವರಿಗಿಂತ ಎರಡರಷ್ಟು ದಪ್ಪ, ಅವರ ಪಾಲನ್ನೂ ನಾನೇ ಕುಡಿದುಬಿಟ್ಟವನಂತೆ.