ಖಳನಾಯಕನ ಪಟ್ಟ

ಬಹಳ ಹಿಂದೆ, ಸರಕಾರಿ ಕಡತಗಳನ್ನು ಗೆದ್ದಲಾದರೂ ಶ್ರದ್ಧೆಯಿಂದ ಓದುತ್ತಿದ್ದ ಕಾಲದಲ್ಲಿ, ಚಪ್ಪಾಳಾವತಿ ಎಂಬ ರಾಜ್ಯವಿತ್ತು. ಅಲ್ಲಿನ ನಾಟಕ ಕಂಪನಿಯಲ್ಲಿ ಮುರಿಗೆಪ್ಪ ಮೂವತ್ತು ವರ್ಷಗಳಿಂದ ಖಳನ ಪಾತ್ರ ಮಾಡಿಕೊಂಡಿದ್ದ. ಮೀಸೆ ತಿರುವುವ ಖಳ, ಸವಿಮಾತಾಡುತ್ತಲೇ ಕತ್ತು ಕೊಯ್ಯುವ ಖಳ, ಲೋಕಕಲ್ಯಾಣಕ್ಕೆಂದೇ ಊರು ಸುಡುವ ಖಳ, ಎಲ್ಲವೂ ಅವನಿಗೆ ಕರಗತ. ಆದರೆ ಅವನ ಹೆಮ್ಮೆಯೆಲ್ಲ ಕೊನೆಯ ದೃಶ್ಯದ್ದು. ಅವನು ಕತ್ತಿಯೇಟು ತಿಂದು, ಮೂರು ಸುತ್ತು ತಿರುಗಿ, ದೊಪ್ಪನೆ ಬಿದ್ದರೇನೇ ಮಂಗಳದ ಹಾಡು. ಮಂಗಳವಾದರೇನೇ ಬಾಗಿಲು ತೆರೆದು ಜನ ಮನೆಗೆ. ಅದು ಅಲ್ಲಿನ ಕಟ್ಟಳೆ.

ಒಂದು ಮಧ್ಯಾಹ್ನ ನಾಟಕಕ್ಕೆ ಬಂದ ಮಹಾರಾಜ ಪ್ರಚಂಡಸೇನ ಪ್ರಭುಗಳಿಗೆ ಹೊಟ್ಟೆ ಉರಿಯಿತು. ಮುರಿಗೆಪ್ಪನಿಗೆ ಬಿದ್ದಷ್ಟು ಚಪ್ಪಾಳೆ ತಮ್ಮ ಹುಟ್ಟುಹಬ್ಬಕ್ಕೂ ಬಿದ್ದಿರಲಿಲ್ಲ. 'ಪ್ರಜೆಗಳ ನೆಚ್ಚಿನ ಖಳರು' ಎಂಬ ಸಮೀಕ್ಷೆಗೆ ಆಜ್ಞೆಯಾಯಿತು. ವರದಿ ಪವರ್‌ಪಾಯಿಂಟ್ ಸಮೇತ ಒಡ್ಡೋಲಗಕ್ಕೆ ಬಂತು.

"ಪ್ರಭೋ, ಹೆದರಿಸುವ ಖಳನಿಗಿಂತ ನಗುನಗುತ್ತ ಕಿತ್ತುಕೊಳ್ಳುವ ಖಳನೇ ಪ್ರಜೆಗಳಿಗೆ ಪ್ರಿಯ," ಎಂದು ಅಮಾತ್ಯ ಸಮ್ಮತಿಭಟ್ಟ ಬಾಗಿದ. "ಆ ಲಕ್ಷಣಗಳೆಲ್ಲ ತಮ್ಮ..." ಎಂದವನು ನಾಲಿಗೆ ಕಚ್ಚಿಕೊಂಡ.

"ನಮ್ಮ?"

ಪುಣ್ಯಕ್ಕೆ ವ್ಯಾಕರಣ ಅಮಾತ್ಯನ ಕೈಹಿಡಿಯಿತು. "ಖಳನಾಯಕ ಎಂಬ ಪದ ಬಿಡಿಸಿ ನೋಡಬೇಕು ಪ್ರಭೋ. ಖಳ, ನಾಯಕ! ರಾಜ್ಯಕ್ಕೆ ನಾಯಕರು ತಾವೊಬ್ಬರೇ. ಬಣ್ಣ ಹಚ್ಚುವವನೊಬ್ಬ ಆ ಪದವಿಯನ್ನು ಅನಧಿಕೃತವಾಗಿ ಇಟ್ಟುಕೊಂಡಿದ್ದಾನೆ."

ಮುರಿಗೆಪ್ಪನನ್ನು ಎಳೆದು ತಂದರು.

"ತಗೋರಿ ಪ್ರಭು, ಮೀಸೀನೂ ತಗೋರಿ," ಎಂದ ಅವನು ಅಂಟುಮೀಸೆ ಕಿತ್ತುಕೊಟ್ಟು. "ಆದ್ರ ಒಂದು ಮಾತು ರೀ. ಜನ ಚಪ್ಪಾಳಿ ಹೊಡಿಯೋದು ನಾ ಮೆರಿಯೋದಕ್ಕಲ್ರಿ, ಕಡೀಗೆ ಬೀಳತೀನಲ್ರಿ, ಅದಕ್ಕ. ತಾವೂ ಬೀಳಬೇಕಾಗತದ."

"ಬೀಳುವುದು ಪ್ರೋಟೋಕಾಲ್‌ನಲ್ಲಿಲ್ಲ," ಎಂದ ಅಮಾತ್ಯ.

ಮುರಿಗೆಪ್ಪ ನೊಂದುಕೊಂಡ. ಮೀಸೆ ಹೋದದ್ದಕ್ಕಲ್ಲ. ಬಿದ್ದು ಬಿದ್ದು ಸೊಂಟ ಸವೆಸಿ ಕಲಿತ ವಿದ್ಯೆ ಇನ್ನು ಯಾರಿಗೂ ಬೇಡವಾಯಿತಲ್ಲ ಎಂದು.

ಮಹಾರಾಜರಿಗೆ ರಂಗದ ಮೇಲೆಯೇ ಖಳನಾಯಕ ಪಟ್ಟಾಭಿಷೇಕವಾಯಿತು. ಬೆನ್ನಿಗೇ ಪ್ರಭುಗಳೇ ಖಳರಾಗಿ ನಾಟಕ. ಹಾಜರಿ ಕಡ್ಡಾಯ. ಮುರಿಗೆಪ್ಪನೂ ಪ್ರೇಕ್ಷಕರ ನಡುವೆ ಕೂತ. ಕೊನೆಯ ದೃಶ್ಯದಲ್ಲಿ ನಾಯಕನ ಪಾತ್ರಧಾರಿ ಕತ್ತಿ ಎತ್ತಿದ, ಸುತ್ತಲಿನ ಕಾವಲುಭಟರನ್ನು ನೋಡಿದ, ಕತ್ತಿಯನ್ನು ಪ್ರಭುಗಳ ಪಾದದಲ್ಲಿಟ್ಟು ತಾನೇ ಮೂಟೆಯಂತೆ ಬಿದ್ದ. ಖಳ ಬೀಳಲಿಲ್ಲ. ಖಳ ಬೀಳದೆ ಮಂಗಳವಿಲ್ಲ, ಮಂಗಳವಿಲ್ಲದೆ ಬಾಗಿಲು ತೆರೆಯುವಂತಿಲ್ಲ. ಪ್ರಭುಗಳು ಅದೇ ದೃಶ್ಯವನ್ನು ಮತ್ತೆ ಮತ್ತೆ ಆಡಿದರು.

ಮೂರನೆಯ ದಿನಕ್ಕೆ ಜನರ ಬುತ್ತಿ ಖಾಲಿ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಮುರಿಗೆಪ್ಪನ ತೋಳು ಹಿಡಿದಳು. "ಯಪ್ಪಾ, ನೀನರ ಒಮ್ಮೆ ಬಿದ್ದುಬಿಡೋ. ಮನ್ಯಾಗ ಎಮ್ಮಿ ಒದರಾಕತ್ತಿರತದ."

ಅವನಿಗೆ ತಡೆಯಲಾಗಲಿಲ್ಲ. ಎದ್ದ, ಎದೆ ಹಿಡಿದುಕೊಂಡ, ಮೂರು ಸುತ್ತು ತಿರುಗಿ ಕುರ್ಚಿಗಳ ನಡುವೆ ದೊಪ್ಪನೆ ಬಿದ್ದ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಅವನು ಬಿದ್ದಿರಲಿಲ್ಲ. ಹಸಿದ ಜನ ಅಳುತ್ತ, ನಗುತ್ತ, ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದರು.

ಪ್ರಭುಗಳು ರಂಗದ ತುದಿಗೆ ಬಂದು ಬಾಗಿ, ಆ ಚಪ್ಪಾಳೆಯನ್ನು ಸ್ವೀಕರಿಸಿದರು. ಮುಚ್ಚಿದ ಬಾಗಿಲ ಮೇಲೆ ಅಮಾತ್ಯ ಹೊಸ ಪೋಸ್ಟರ್ ಅಂಟಿಸಿದ: 'ಪ್ರೇಕ್ಷಕರ ಒತ್ತಾಯದ ಮೇರೆಗೆ ಆಟ ಮುಂದುವರಿಯುವುದು.'