ಮಾಸ್ತರರಿಗೆ ಮಶೀನು ಕಲಿಸಿದ್ದು

ಮಾಸ್ತರರನ್ನೂ ಮಶೀನನ್ನೂ ಒಂದೇ ಖೋಲಿಯಲ್ಲಿ ಬಿಟ್ಟರೆ ಏನಾದರೊಂದು ಆಗಿಯೇ ತೀರುತ್ತದೆ. ಆಗದಿದ್ದರೆ ಅವತ್ತು ಕರೆಂಟ್ ಇರಲಿಲ್ಲ ಎಂದು ತಿಳಿಯಬೇಕು.

ನಾನು ಇಂಡಿ ಕಡೆಯ ಹಳ್ಳಿಯವ. ಲಗ್ನದ ಮೈಕ್‌ಸೆಟ್ಟು ಬಿಚ್ಚಿ ಕಟ್ಟಿದವ, ಟೂರಿಂಗ್ ಟಾಕೀಸಿನಲ್ಲಿ ರೀಲು ಸುತ್ತಿದವ, ಮೇಲೆ ಬಿ.ಎ. ಪಾಸು. ಇಷ್ಟು ಗುಣ ಒಬ್ಬನಲ್ಲೇ ಕೂಡಿ ಬರುವುದು ಕಡಿಮೆ. ಎಂಬತ್ತರ ದಶಕದ ಶುರುವಿನಲ್ಲಿ ಠಾಣೆಯ ಒಂದು ಕನ್ನಡ ಸಂಸ್ಥೆ ತನ್ನ ಶಾಲೆಗಳಿಗೆ ಟೇಪ್‌ರೆಕಾರ್ಡರು, ಸ್ಲೈಡ್ ಪ್ರೊಜೆಕ್ಟರು ಕೊಂಡಿತು. ಅವನ್ನಿಟ್ಟುಕೊಂಡು ಪಾಠ ಮಾಡುವುದನ್ನು ಮಾಸ್ತರರಿಗೆ ಕಲಿಸಲು ನನ್ನನ್ನು ಕರೆಸಿತು.

ಸಂಸ್ಥೆಯ ಸೆಕ್ರೆಟರಿ ಉಡುಪಿ ಕಡೆಯ ಹೋಟೆಲ್ ಮಾಲೀಕರು. ಗಲ್ಲಾದ ಮೇಲೆ ಕೂತೇ ಕರಾರು ಹೇಳಿದರು.

"ನೋಡಿ ಮಾರಾಯ್ರೆ, ಆರು ತಿಂಗಳು ಟೆಂಪರರಿ. ಆಮೇಲೆ ಶಿಕ್ಷಣ ಖಾತೆಯ ಸಾಹೇಬ್ರು ನೋಡ್ಲಿಕ್ಕೆ ಬರ್ತಾರೆ. ಅವ್ರು ಹೂಂ ಅಂದ್ರೆ ನೀವು ಕಾಯಂ. ಉಹೂಂ ಅಂದ್ರೆ ಸೊಲ್ಲಾಪುರದ ಗಾಡಿ ಹತ್ತಿ."

"ಹೂಂ ಅಂತಾರ ಬಿಡ್ರಿ," ಅಂದೆ. ಊರಿಗೆ ಆಗಲೇ ಕಾಯಂ ಆಯಿತೆಂದು ಹೇಳಿ ಕಳಿಸಿದ್ದೆ. ಹೆಣ್ಣು ಕೊಡುವವರು ಟೆಂಪರರಿ ಅಳಿಯನನ್ನು ಒಪ್ಪುವುದಿಲ್ಲ.

ಎದ್ದು ನಿಲ್ಲು

ಡೊಂಬಿವಲಿಯ ಮಾಸ್ತರರು ಧಾರವಾಡದವರು, ನಿವೃತ್ತಿಯ ಹತ್ತಿರ ಬಂದವರು. "ಪಾಠ ಒಮ್ಮೆ ಟೇಪ್ ಮಾಡಿ ಇಟ್ಟುಕೊಂಡ್ರ ಗಂಟಲು ಉಳೀತದ್ರಿ," ಎಂದು ಕಲಿಸಿದೆ. ಅವರು ಐದನೆಯ ವರ್ಗದ 'ಅ' ತುಕಡಿಗೆ ಮಾಡಿದ ಪಾಠ ಟೇಪ್ ಮಾಡಿ, ಮರುದಿನ 'ಬ' ತುಕಡಿಯಲ್ಲಿ ಅದನ್ನು ಹಾಕಿ ಚಹಾಕ್ಕೆ ಹೋದರು.

ನಾನು ಹೋದಾಗ ಟೇಪು ಮುಗಿದು ಸುಮ್ಮನೆ ಕರಕರ ಎನ್ನುತ್ತಿತ್ತು. ಹಿಂದಿನ ಬೆಂಚಿನ ಹುಡುಗರೆಲ್ಲ ಎದ್ದು ನಿಂತಿದ್ದರು.

"ಯಾಕ್ರೋ ನಿಂತೀರಿ?"

"ಟೇಪ್ ಮೇ ಸರ್ ಬೋಲೇ, ಪೀಛೇವಾಲೇ ಖಡೇ ಹೋ ಜಾವ್. ಬೈಠೋ ನಹೀ ಬೋಲೇ."

ಹೋಟೆಲಿಗೆ ಹೋಗಿ ಮಾಸ್ತರರನ್ನು ಹಿಡಿದೆ. "ಅಲ್ರಿ ಸರ್, ಎದ್ದು ನಿಲ್ಲು ಅಂದೀರಿ, ಕೂಡು ಅನ್ನೋದನ್ನ ಮರತೀರಿ."

ಅವರು ಬಸಿಯಲ್ಲಿ ಚಹಾ ಆರಿಸುತ್ತ ಹೇಳಿದರು: "ಮರತಿಲ್ಲಪ್ಪ. ನಿನ್ನೆ ನಿಂತವಗೂ ಇನ್ನೂ ಅಂದಿಲ್ಲ."

ಒಂದೇ ತಾಯಿ

ಭಿವಂಡಿಯ ಶಾಲೆಯ ಗೋಡೆಗೆ ಹತ್ತಿಯೇ ಪವರ್‌ಲೂಮಿನ ಶೆಡ್ಡು. ಟೇಪಿನಲ್ಲಿ ನಾನೇ ಖುದ್ದು ಓದಿದ ಪದ್ಯ ಹಾಕಿದೆ. ಊರಲ್ಲಿ ನನ್ನ ಕಂಠಕ್ಕೆ ಎತ್ತುಗಳು ಸಹ ನಿಂತು ಕೇಳುತ್ತಿದ್ದವು. ಇಲ್ಲಿ ಮಗ್ಗಗಳ ಖಟಖಟದಲ್ಲಿ ಎದುರಿನ ಬೆಂಚಿಗೂ ಕೇಳಿಸಲಿಲ್ಲ.

"ಮಗ್ಗ ನಿಂತಾಗ ಹಾಕೋಣ್ರಿ ಬಾಯಿಯವರ," ಅಂದೆ ಅಲ್ಲಿಯ ಶಿಕ್ಷಕಿಗೆ.

ಮಧ್ಯಾಹ್ನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಾನು ಓಡಿ ಬಂದು ಬಟನ್ ಒತ್ತಿದೆ. ಟೇಪು ತಿರುಗಲಿಲ್ಲ. ಸೆಲ್ ಹಾಕುವ ಸೌಕರ್ಯ ಆ ಮಾಡೆಲಿಗೆ ಇರಲಿಲ್ಲ.

ಶಿಕ್ಷಕಿ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತ ಅಂದರು: "ಕರೆಂಟ್ ಹೋಗಿದ್ದಕ್ಕೇ ಮಗ್ಗ ನಿಂತದ್ದಪ್ಪ. ಮಗ್ಗಕ್ಕೂ ನಿನ್ನ ಟೇಪಿಗೂ ತಾಯಿ ಒಬ್ಬಾಕೀನ."

ಹಿಂದಿನಿಂದ ತೆಗೆದದ್ದು

ಠಾಣೆಯಲ್ಲಿ ಭೂಗೋಳದ ಪಾಠ. ಅಲ್ಲಿಯ ಮಾಸ್ತರರು ಎಷ್ಟು ಹೇಳಿದರೂ ಸ್ಲೈಡನ್ನು ತಿರುವಿಯೇ ಹಾಕುವವರು. ಕರ್ನಾಟಕದ ನಕಾಶೆ ಗೋಡೆಯ ಮೇಲೆ ಮೂಡಿತು. ಎಡಗಡೆ ಕೋಲಾರ, ಬಲಗಡೆ ಅರಬ್ಬೀ ಸಮುದ್ರ.

ಮಂಗಳೂರು ಕಡೆಯ ಹುಡುಗಿಯೊಬ್ಬಳು ಎದ್ದಳು. "ಸರ್, ನಮ್ಮ ಊರು ಆ ಕಡೆ ಹೇಗೆ ಹೋಯ್ತು?"

ಮಾಸ್ತರರು ನನ್ನನ್ನು ನೋಡಿದರು. ನಾನು ಮಾಳಿಗೆ ನೋಡಿದೆ. ಅವರು ಕೋಲು ಎತ್ತಿ ಸಮಾಧಾನವಾಗಿ ಹೇಳಿದರು: "ಕೂಡವ್ವಾ. ಇದು ರಾಜ್ಯದ ಹಿಂದ ನಿಂತು ತೆಗೆದ ಫೋಟೋ."

ಬಂದ್

ಹೀಗೆ ಆರು ತಿಂಗಳು ಮುಗಿಯಿತು. ಸಾಹೇಬರಿಗೆ ತೋರಿಸಲು ನಾನು ಕಲ್ಯಾಣದ ಶಾಲೆಯನ್ನೇ ಆರಿಸಿದೆ. ಅಲ್ಲಿಯ ಟೀಚರು ಕುಂದಾಪುರದ ಕಡೆಯವರು, ಮದುವೆಯಾಗಿ ಈಚೆಗೆ ಬಂದವರು. ಮರಾಠಿ ಬಾರದು, ಹಿಂದಿ ಭಾಜಿ ಮಾರ್ಕೆಟ್ಟಿಗೆ ಸಾಲುವಷ್ಟು. ಆದರೆ ಪ್ರೊಜೆಕ್ಟರ್ ನಡೆಸುವುದರಲ್ಲಿ ಅವರದು ನನ್ನ ನಂತರದ ನಂಬರು.

ಸಾಹೇಬರ ಲೋಕಲ್ ಗಾಡಿ ದಿವಾ ಸ್ಟೇಶನ್ನಿನಲ್ಲಿ ನಿಂತುಬಿಟ್ಟಿತ್ತು. ಅವರು ಬರುವಷ್ಟರಲ್ಲಿ ಹೃದಯದ ಪಾಠ ಮುಗಿದು, ಮಶೀನು ಕಾದಿತ್ತೆಂದು ಟೀಚರು ಆಫ್ ಮಾಡಿದ್ದರು. ಸಾಹೇಬರು ಮಕ್ಕಳನ್ನು ಕೇಳಿದ್ದೇ ಕೇಳಿದ್ದು. ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಕ್ಕಳು ಮರಾಠಿಯಲ್ಲೇ ಪಟಪಟ ಹೇಳಿದವು. ಸೆಕ್ರೆಟರಿ ನನ್ನ ಬೆನ್ನು ತಟ್ಟಿದರು. ನಾನು ಅಂಗಿಯ ಕಾಲರು ಸರಿ ಮಾಡಿಕೊಂಡೆ.

ಆಗ ಸಾಹೇಬರು ಪ್ರೊಜೆಕ್ಟರಿನ ಕಡೆ ಬೆರಳು ಮಾಡಿ ಕೇಳಿದರು: "ಮಶೀನ್ ಬಂದ್ ಆಹೇ ಕಾ?"

ಕೆಟ್ಟು ನಿಂತಿದೆಯೇ ಎಂದು ಅವರ ಪ್ರಶ್ನೆ. ಟೀಚರಿಗೆ ಅದು ಕನ್ನಡದ ಹಾಗೆಯೇ ಕೇಳಿಸಿತು. ಮಶೀನ್ ಬಂದಿದೆಯೇ ಎನ್ನುತ್ತಿದ್ದಾರೆ. ಮುಖವರಳಿಸಿ, "ಹೌದು ಸಾರ್, ಬಂದಿದೆ," ಅಂದರು.

"ಕಿತೀ ದಿವಸ?"

ಎಷ್ಟು ದಿವಸ ಎಂದು ಕೇಳಿದ್ದು ತಿಳಿಯಿತು. ಬಂದದ್ದಕ್ಕೆ ಮರಾಠಿಯಲ್ಲೂ ಬಂದ್ ಎನ್ನುತ್ತಾರೆಂದು ಆಕೆಗೆ ಆಗಲೇ ಖಾತ್ರಿಯಾಗಿತ್ತು. "ಬಂದ್, ಛೇ ಮಹೀನಾ ಸಾರ್."

ಸೆಕ್ರೆಟರಿಯವರ ಕೈ ನನ್ನ ಬೆನ್ನಿನಿಂದ ಇಳಿಯಿತು. "ಎಂತದು ಮಾರಾಯ್ರೆ ಇದು," ಎಂದು ಪಿಸುಗುಟ್ಟಿದರು. ನಾನು ಮುಂದೆ ಹೋಗಿ, "ಸಾಹೇಬ್, ಬಾತ್ ಐಸಾ ಹೈ," ಎನ್ನುವಷ್ಟರಲ್ಲಿ ಅವರು ಕೈ ಎತ್ತಿ ತಡೆದು, ಟೀಚರನ್ನೇ ಕೇಳಿದರು: "ಹೇ ಕೋಣ?"

ಇವರು ಯಾರು ಎಂದು ಕೇಳಿದ್ದು ಟೀಚರಿಗೆ ತಿಳಿಯಿತು; ನನ್ನ ಬಗ್ಗೆ ಒಳ್ಳೆಯ ಮಾತು ಹೇಳುವ ಹೊತ್ತು ಇದೇ ಎಂದು ಅನಿಸಿತು. ನನ್ನ ಜೊತೆಗೇ ಮಶೀನೂ ಬಂತು ಎಂಬುದನ್ನು ತನಗೆ ತಿಳಿದ ಹಿಂದಿಯಲ್ಲಿ ಹೇಳಿದರು: "ಯೇ ಸರ್ ಆಯಾ ಸಾರ್. ಯೇ ಆಯಾ, ಮಶೀನ್ ಬಂದ್."

ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸೆಕ್ರೆಟರಿಯನ್ನು ಹೊರಗೆ ಕರೆದುಕೊಂಡು ಹೋದರು. ಕಲ್ಯಾಣದಿಂದ ಸೊಲ್ಲಾಪುರಕ್ಕೆ ಗಾಡಿ ಎಷ್ಟು ಹೊತ್ತಿಗಿದೆ ಎಂದು ನಾನು ನೆನಪು ಮಾಡಿಕೊಳ್ಳತೊಡಗಿದೆ. ಹೆಣ್ಣಿನ ಕಡೆಯವರ ಮುಖವೂ ಎದುರು ಬಂತು.

ಸೆಕ್ರೆಟರಿ ತಿರುಗಿ ಬಂದಾಗ ಅವರ ಮುಖದಲ್ಲಿ ನಗುವೂ ಇತ್ತು, ಗಾಬರಿಯೂ ಇತ್ತು.

"ನೀವು ಕಾಯಂ ಮಾರಾಯ್ರೆ. ಆರು ತಿಂಗಳು ಮಶೀನ್ ಬಂದ್ ಇದ್ದೂ ಮಕ್ಕಳು ಹೀಗೆ ಕಲಿತಿದ್ರೆ, ಕಲಿಸಿದವ ಸಾಮಾನ್ಯನಲ್ಲ ಅಂದ್ರು. ಇವನನ್ನು ಬಿಡಬೇಡಿ ಅಂದ್ರು."

ನನಗೇನೂ ಆಶ್ಚರ್ಯವಾಗಲಿಲ್ಲ. ಸಾಹೇಬರಿಗೆ ಮನುಷ್ಯರ ಗುಣ ಗುರುತಿಸುವ ಕಣ್ಣಿತ್ತು. "ನಾ ಮೊದಲ ಹೇಳಿದ್ನಲ್ರಿ," ಅಂದೆ.

"ಅದು ಸರಿ. ಆದ್ರೆ ಇಂಥವ ಇರುವಾಗ ನಿಮಗೆ ಮಶೀನ್ ಯಾಕೆ, ರಿಪೇರಿ ಮಾಡಿಸಿ ಬೇರೆ ಶಾಲೆಗೆ ಕೊಡಿ ಅಂತಲೂ ಹೇಳಿ ಹೋದ್ರು."

ಅದೇ ವಾರ ಪ್ರೊಜೆಕ್ಟರನ್ನು ಟೆಂಪೋದಲ್ಲಿ ಹಾಕಿ ಕಳಿಸಿದೆವು. ಗೇಟಿನ ತನಕ ಬಂದ ಟೀಚರು ಟೆಂಪೋ ಮೂಲೆ ತಿರುಗುವುದನ್ನೇ ನೋಡುತ್ತಿದ್ದರು.

"ಸಾಹೇಬ್ರು ಇನ್ನೊಮ್ಮೆ ಬಂದ್ರೆ ಹೇಳ್ಬೇಕಲ್ಲ ಸಾರ್," ಅಂದರು. "ಬಂದದ್ದಕ್ಕೆ ಮರಾಠಿಯಲ್ಲಿ ಬಂದ್. ಹೋದದ್ದಕ್ಕೆ ಎಂತ ಅಂತಾರೆ?"

ನಾನು ಈಗ ಕಾಯಂ ನೌಕರ. ಧೈರ್ಯವಾಗಿ ಹೇಳಿದೆ: "ಚಾಲೂ."